ಲೇಸರ್, ವ್ಯಾಕ್ಸಿಂಗ್, ಎಲೆಕ್ಟ್ರೋಲಿಸಿಸ್: ಬೇಡದ ಕೂದಲಿಗೆ ಯಾರಿಗೆ ಯಾವುದು ಒಗ್ಗುತ್ತದೆ?

ಹೋದ ತಿಂಗಳು ತಂಗಿ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮ, ನಮ್ಮ ಆಫೀಸ್ ಹತ್ರ ಫುಲ್ ಬಾಡಿ ಲೇಸರ್ ಆಫರ್ ಬಿಟ್ಟಿದ್ದಾರೆ. 8 ಸಿಟ್ಟಿಂಗ್. ಇವತ್ತೇ ದುಡ್ಡು ಕಟ್ಟಿದ್ರೆ ಅರ್ಧ ರೇಟು. ಮಾಡಿಸ್ಲಾ?" ಅಂದಳು. ಇವತ್ತು ಕಟ್ಟಬೇಡ, ಸಂಜೆ ಮನೆಗೆ ಬಾ ಅಂದೆ. ಬಂದಳು. ಎರಡು ಸಲ ಕಾಫಿ ಆಗುವಷ್ಟು ಹೊತ್ತು ಮಾತಾಡಿದೆವು. ಅವಳಿಗೆ ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. 22ನೇ ವಯಸ್ಸಿನಿಂದ ಗದ್ದದ ಕೂದಲಿನ ಜೊತೆ ಏಗುತ್ತಾ ಬಂದವಳು. ಥ್ರೆಡ್ಡಿಂಗ್, ಬ್ಲೀಚ್, ಕ್ರೀಮು, ವ್ಯಾಕ್ಸಿಂಗ್, ಲೇಸರ್, ಕೊನೆಗೆ ಎಲೆಕ್ಟ್ರೋಲಿಸಿಸ್, ಎಲ್ಲವನ್ನೂ ಮಾಡಿಸಿದ್ದೇನೆ. ಒಂದು ಸಲ ಕೈ ಸುಟ್ಟುಕೊಂಡೂ ಇದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅರ್ಥ ಆಗಿದ್ದು ಒಂದು. ರೇಟು, ಆಫರ್, ಮಶೀನಿನ ಹೆಸರು ಎಲ್ಲ ಆಮೇಲಿನ ಮಾತು. ಕೂದಲು ಎಂಥದ್ದು, ಚರ್ಮ ಎಂಥದ್ದು, ಕೂದಲು ಯಾಕೆ ಬರುತ್ತಿದೆ ಅನ್ನುವ ಮೂರು ಮೊದಲು ಗೊತ್ತಾಗಬೇಕು.

ಲೇಸರ್ ಏನು ಮಾಡುತ್ತದೆ

ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಒಂದು ಬಿಳಿ ಪಂಚೆ, ಒಂದು ಕರಿ ಕಂಬಳಿ ಹರವಿ. ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಬಿಸಿಲು ಒಂದೇ, ಆದರೆ ಕಂಬಳಿ ಕೈ ಸುಡುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಲೇಸರ್ ನಡೆಯುವುದೂ ಹೀಗೇ. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್. ಲೇಸರ್ ಬೆಳಕನ್ನು ಆ ಮೆಲನಿನ್ ಹೀರುತ್ತದೆ, ಬಿಸಿ ಬೇರಿನ ತನಕ ಇಳಿಯುತ್ತದೆ, ಹೊಸ ಕೂದಲು ಹುಟ್ಟಿಸುವ ಜೀವಕೋಶಗಳು ಸುಟ್ಟುಹೋಗುತ್ತವೆ. ಸುತ್ತಲಿನ ಚರ್ಮಕ್ಕೆ ಪೆಟ್ಟಾಗದ ಹಾಗೆ, ಬೇಕಾದ ಜಾಗಕ್ಕೆ ಮಾತ್ರ ಬಿಸಿ ಮುಟ್ಟಿಸುವ ಈ ತತ್ವವನ್ನು 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ವಿವರಿಸಿದರು. ಇವತ್ತಿನ ಲೇಸರ್ ಮಶೀನುಗಳೆಲ್ಲ ಅದರ ಮೇಲೇ ನಿಂತಿವೆ.

ಇದರಿಂದ ಎರಡು ವಿಷಯ ತಾನಾಗೇ ತಿಳಿಯುತ್ತದೆ. ಬಿಳಿ ಕೂದಲಿಗೆ ಲೇಸರ್ ಹಿಡಿಯುವುದಿಲ್ಲ, ಯಾಕೆಂದರೆ ಬೆಳಕು ಹೀರಲು ಅಲ್ಲಿ ಬಣ್ಣವೇ ಇಲ್ಲ. ಕೆಂಚು, ಹೊಂಬಣ್ಣದ ಕೂದಲಿಗೂ ಸರಿಯಾಗಿ ಹಿಡಿಯುವುದಿಲ್ಲ. ಎರಡನೆಯದು ನಮಗೆ ಮುಖ್ಯವಾದದ್ದು. ಮೆಲನಿನ್ ಇರುವುದು ಕೂದಲಲ್ಲಿ ಮಾತ್ರ ಅಲ್ಲ, ಚರ್ಮದಲ್ಲೂ ಇದೆ. ಎಣ್ಣೆಗೆಂಪು, ಗೋಧಿ ಬಣ್ಣ, ಕಪ್ಪು ಬಣ್ಣದ ನಮ್ಮ ಚರ್ಮವೂ ಆ ಬೆಳಕನ್ನು ಹೀರುತ್ತದೆ. ಮಶೀನು ಸರಿ ಇಲ್ಲದಿದ್ದರೆ, ಸೆಟ್ಟಿಂಗ್ ಜಾಸ್ತಿ ಆದರೆ, ಬೇರಿಗೆ ಮುಟ್ಟಬೇಕಾದ ಬಿಸಿ ಮೇಲಿನ ಚರ್ಮವನ್ನೇ ಸುಡುತ್ತದೆ.

ಯಾಕೆ ಅಷ್ಟೊಂದು ಸಿಟ್ಟಿಂಗ್ ಅಂತ ತಂಗಿ ಮಗಳು ಕೇಳಿದಳು. ತೋಟದಲ್ಲಿ ಎಲ್ಲ ಬಾಳೆಯೂ ಒಂದೇ ದಿನ ಗೊನೆ ಹಾಕುವುದಿಲ್ಲ, ಅಲ್ವಾ? ಕೂದಲೂ ಹಾಗೇ. ಒಂದಷ್ಟು ಬೆಳೆಯುತ್ತಿರುತ್ತವೆ, ಒಂದಷ್ಟು ಸುಮ್ಮನೆ ಮಲಗಿರುತ್ತವೆ, ಒಂದಷ್ಟು ಉದುರುತ್ತಿರುತ್ತವೆ. ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಬೇರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಲೇಸರ್ ಪೆಟ್ಟು ಸರಿಯಾಗಿ ಬೀಳುವುದು ಅದಕ್ಕೇ. ಉಳಿದವು ಎದ್ದು ಬರುವ ತನಕ ಕಾಯಬೇಕು. ಹಾಗಾಗಿ ಸಾಮಾನ್ಯವಾಗಿ 6ರಿಂದ 8 ಸಿಟ್ಟಿಂಗ್ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, ಕೈಕಾಲಿಗೆ 6ರಿಂದ 8 ವಾರಕ್ಕೊಮ್ಮೆ. ವಾರ ವಾರ ಬನ್ನಿ, ಬೇಗ ಮುಗಿಸಿಬಿಡೋಣ ಅನ್ನುವ ಕಡೆ ಹೋಗಬೇಡಿ.

ಇನ್ನೊಂದು ಮಾತು. ಲೇಸರ್ ಮುಗಿಸಿ ಮನೆಗೆ ಬಂದ ದಿನ ಕೂದಲು ಅಲ್ಲೇ ಇರುತ್ತದೆ. ಆಮೇಲಿನ ಒಂದರಿಂದ ಮೂರು ವಾರದಲ್ಲಿ ಉದುರುತ್ತದೆ. ಆ ದಿನಗಳಲ್ಲಿ ಕೂದಲು ಬೆಳೆಯುತ್ತಿರುವ ಹಾಗೇ ಕಾಣುತ್ತದೆ, ನಿಜವಾಗಿ ಅದು ಹೊರಗೆ ಬರುತ್ತಿರುತ್ತದೆ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಹತ್ತು ದಿನ ಕನ್ನಡಿ ಮುಂದೆ ಕೂತು ದುಡ್ಡು ದಂಡ ಆಯಿತು ಅಂತ ಅತ್ತಿದ್ದೆ.

"ಪರ್ಮನೆಂಟ್" ಅಂದರೆ ಎಷ್ಟು?

ಜಾಹೀರಾತಿನಲ್ಲಿ ಶಾಶ್ವತ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್‌ಗೆ ಕೊಟ್ಟಿರುವ ಮಾತು ಬೇರೆ. ಕೂದಲನ್ನು ಶಾಶ್ವತವಾಗಿ ಕಡಿಮೆ ಮಾಡುತ್ತದೆ ಅಂತ ಹೇಳಬಹುದು, ಪೂರ್ತಿ ತೆಗೆಯುತ್ತದೆ ಅಂತ ಹೇಳುವ ಹಾಗಿಲ್ಲ. ಅಂದರೆ ಎಲ್ಲ ಸಿಟ್ಟಿಂಗ್ ಆದ ಮೇಲೆ ಕೂದಲಿನ ಸಂಖ್ಯೆ ಗಣನೀಯವಾಗಿ ಇಳಿದು, ಹಾಗೇ ಉಳಿಯುತ್ತದೆ. ಉಳಿದವು ತೆಳ್ಳಗೆ, ನಿಧಾನವಾಗಿ ಬರುತ್ತವೆ. ವರ್ಷಕ್ಕೆ ಒಂದೆರಡು ಸಲ ಟಚ್‌ಅಪ್ ಬೇಕಾಗಬಹುದು. ಇದು ಸಣ್ಣ ಲಾಭ ಅಲ್ಲ. ದಿನಾ ಬೆಳಿಗ್ಗೆ ಚಿಮುಟ ಹಿಡಿದು ಕಿಟಕಿ ಬೆಳಕಿಗೆ ನಿಲ್ಲುತ್ತಿದ್ದವಳು ತಿಂಗಳಿಗೊಮ್ಮೆ ನಿಲ್ಲುವ ಹಾಗಾದರೆ ಬದುಕೇ ಹಗುರ. ಆದರೆ ಪೂರ್ತಿ ನಯವಾಗಿಬಿಡುತ್ತದೆ ಅಂತ ನಂಬಿ ದುಡ್ಡು ಕಟ್ಟಬೇಡಿ.

ನಮ್ಮ ಮೈಬಣ್ಣಕ್ಕೆ ಯಾವ ಲೇಸರ್

ಚರ್ಮದ ಡಾಕ್ಟರುಗಳು ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. ಬಿಸಿಲಿಗೆ ಬೇಗ ಕೆಂಪಾಗುವ ಬಿಳಿ ಚರ್ಮ ಒಂದನೆಯದು, ಅಚ್ಚ ಕಪ್ಪು ಚರ್ಮ ಆರನೆಯದು. ಇದಕ್ಕೆ ಫಿಟ್ಜ್‌ಪ್ಯಾಟ್ರಿಕ್ ಟೈಪ್ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತೇವೆ. ಹೋದಲ್ಲಿ "ನನ್ನದು ಯಾವ ಸ್ಕಿನ್ ಟೈಪ್?" ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮಶೀನುಗಳಲ್ಲಿ ವ್ಯತ್ಯಾಸ ಇರುವುದು ಬೆಳಕಿನ ತರಂಗದ ಉದ್ದದಲ್ಲಿ. ಅಲೆಕ್ಸಾಂಡ್ರೈಟ್ 755 ನ್ಯಾನೋಮೀಟರ್. ಮೆಲನಿನ್ ಇದನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಬಿಳಿ ಚರ್ಮ, ಕಪ್ಪು ಕೂದಲಿನವರಿಗೆ ಬಹಳ ಒಳ್ಳೆಯದು. ನಮ್ಮಂಥವರಿಗೆ ಸುಡುವ ಅಪಾಯ ಜಾಸ್ತಿ. ಡಯೋಡ್ ಸುಮಾರು 800ರಿಂದ 810. ಇದು ನಡುವಿನದು. ನಮ್ಮೂರುಗಳ ಕ್ಲಿನಿಕ್‌ಗಳಲ್ಲಿ ಜಾಸ್ತಿ ಕಾಣಸಿಗುವುದೂ ಇದೇ. ಚರ್ಮ ತಂಪು ಮಾಡುವ ವ್ಯವಸ್ಥೆ ಚೆನ್ನಾಗಿದ್ದು, ಸೆಟ್ಟಿಂಗ್ ತಿಳಿದವರ ಕೈಯಲ್ಲಿದ್ದರೆ ಗೋಧಿ ಬಣ್ಣದವರಿಗೆ ಒಗ್ಗುತ್ತದೆ. ಎನ್‌ಡಿ-ಯಾಗ್ 1064. ಇದು ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮದ ಮೆಲನಿನ್ ಇದನ್ನು ಕಡಿಮೆ ಹೀರುತ್ತದೆ. ಕಪ್ಪು ಮೈಬಣ್ಣದವರಿಗೆ ಎಲ್ಲಕ್ಕಿಂತ ಸುರಕ್ಷಿತ ಇದೇ. ನೋವು ಸ್ವಲ್ಪ ಜಾಸ್ತಿ, ತೆಳು ಕೂದಲಿಗೆ ಫಲ ಕಡಿಮೆ. ನನ್ನ ಬಣ್ಣ ಐದನೆಯ ಬಗೆ. ಎರಡು ಸಿಟ್ಟಿಂಗ್ ಹೆಚ್ಚಾದರೂ ಪರವಾಗಿಲ್ಲ, ನಾನಂತೂ ಎನ್‌ಡಿ-ಯಾಗ್ ಆರಿಸುತ್ತೇನೆ. ಕೂದಲು ಉಳಿದರೆ ಇನ್ನೊಂದು ಸಲ ಹೋಗಬಹುದು, ಮುಖದ ಮೇಲೆ ಸುಟ್ಟ ಕಲೆ ಉಳಿದರೆ ಏನು ಮಾಡೋದು?

ಐಪಿಎಲ್ ಅನ್ನುವುದೂ ಇದೆ. ಇದು ಲೇಸರ್ ಅಲ್ಲ, ಫ್ಲಾಶ್ ಲೈಟಿನ ಹಾಗೆ ಅನೇಕ ತರಂಗಗಳು ಸೇರಿದ ಬೆಳಕು. ಪಾರ್ಲರುಗಳಲ್ಲಿ ಇದನ್ನೂ ಲೇಸರ್ ಅಂತಲೇ ಕರೆಯುವುದುಂಟು. ಕಪ್ಪು ಚರ್ಮಕ್ಕೆ ಇದರಿಂದ ಸುಡುವ ಸಾಧ್ಯತೆ ಹೆಚ್ಚು. ಮನೆಯಲ್ಲೇ ಬಳಸುವ ಆನ್‌ಲೈನ್ ಯಂತ್ರಗಳೂ ಹೆಚ್ಚಾಗಿ ಐಪಿಎಲ್ಲೇ. ಅವುಗಳ ಬಲ ಕ್ಲಿನಿಕ್ ಮಶೀನಿಗಿಂತ ಕಡಿಮೆ, ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ಡಬ್ಬದ ಮೇಲೆ ಮೈಬಣ್ಣದ ಪಟ್ಟಿ ಇರುತ್ತದೆ. ನಿಮ್ಮ ಬಣ್ಣ ಅದರಲ್ಲಿ ಬೇಡ ಅಂತ ಇದ್ದರೆ ದಯವಿಟ್ಟು ಕೊಳ್ಳಬೇಡಿ. ತಿಳಿ ಗೋಧಿ ಬಣ್ಣದ, ದಪ್ಪ ಕಪ್ಪು ಕೂದಲಿನ, ತಾಳ್ಮೆ ಇರುವ ಹುಡುಗಿಯ ಕಾಲಿಗೆ ಆದೀತು. ಗದ್ದಕ್ಕೆ ಬೇಡ.

ನನ್ನ ಮುಂಗೈ ಸುಟ್ಟ ಕತೆ

ಗದ್ದಕ್ಕೆ ಲೇಸರ್ ಚೆನ್ನಾಗಿ ಹಿಡಿದಿತ್ತು. ಆ ಖುಷಿಯಲ್ಲಿ ಕೈಗೂ ಮಾಡಿಸೋಣ ಅಂತ ಇನ್ನೊಂದು ಕಡೆ ಹೋದೆ, ಅಲ್ಲಿ ರೇಟು ಕಡಿಮೆ ಇತ್ತು. ಎರಡು ಸಿಟ್ಟಿಂಗ್ ಸರಿಯಾಗಿ ಆಯಿತು. ಮೂರನೆಯದಕ್ಕೆ ಮುಂಚೆ ಮನೆಯವರೆಲ್ಲ ಗೋಕರ್ಣಕ್ಕೆ ಹೋಗಿದ್ದೆವು. ಮೂರು ದಿನ ಬೀಚಿನ ಬಿಸಿಲು. ವಾಪಸ್ ಬಂದ ನಾಲ್ಕನೇ ದಿನ ಸಿಟ್ಟಿಂಗ್. ಬಿಸಿಲಿಗೆ ಹೋಗಿದ್ದಿರಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೈ ಕಪ್ಪಾಗಿದ್ದನ್ನು ನೋಡಲೂ ಇಲ್ಲ. ಹಳೇ ಸೆಟ್ಟಿಂಗ್‌ನಲ್ಲೇ ಹೊಡೆದರು. ತುಂಬಾ ಉರಿಯುತ್ತಿದೆ ಅಂದೆ, ಇಷ್ಟು ಆಗುತ್ತೆ ಮೇಡಂ ಅಂದರು. ರಾತ್ರಿ ಹೊತ್ತಿಗೆ ಮಶೀನಿನ ತುದಿಯ ಆಕಾರದಲ್ಲೇ ಸಾಲು ಸಾಲು ಗುಳ್ಳೆ. ಗುಳ್ಳೆ ಒಣಗಿದ ಮೇಲೆ ಕಪ್ಪು ಚೌಕಗಳು ಉಳಿದವು. ಪೂರ್ತಿ ಮಾಸಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ನಾನು ಉದ್ದ ತೋಳಿನ ರವಿಕೆಯನ್ನೇ ಹಾಕಿದೆ.

ಬಿಸಿಲಿಗೆ ಟ್ಯಾನ್ ಆಗುವುದು ಅಂದರೆ ಚರ್ಮದಲ್ಲಿ ಮೆಲನಿನ್ ಜಾಸ್ತಿ ಆಗುವುದು. ಆ ಹೊತ್ತಿನಲ್ಲಿ ಲೇಸರ್ ಹೊಡೆದರೆ ಬಿಸಿಯೆಲ್ಲ ಚರ್ಮಕ್ಕೇ. ಹಾಗಾಗಿ ಸಿಟ್ಟಿಂಗ್‌ಗೆ ಮುಂಚೆ, ಆಮೇಲೆ ಕೆಲವು ವಾರ ಬಿಸಿಲು ತಪ್ಪಿಸಬೇಕು. ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ. ಹೊಲದಲ್ಲಿ ಕೆಲಸ ಮಾಡುವವರು, ದಿನಾ ಬೈಕಿನಲ್ಲಿ ಓಡಾಡುವವರು ಮುಖ, ಕೈಗೆ ಲೇಸರ್ ಯೋಚಿಸುವಾಗ ಇದನ್ನು ಮೊದಲೇ ಲೆಕ್ಕ ಹಾಕಿ. ಕಂಕುಳಿಗೆ ಈ ಕಷ್ಟ ಇಲ್ಲ, ಅಲ್ಲಿ ಬಿಸಿಲೇ ಬೀಳುವುದಿಲ್ಲ. ಕೂದಲೂ ದಪ್ಪ. ಲೇಸರ್ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುವ ಜಾಗ ಕಂಕುಳೇ ಅಂತ ನಾನು ಹೇಳುತ್ತೇನೆ.

ಮುಖದ ತೆಳು ಕೂದಲಿಗೆ ಕೈ ಹಾಕಬೇಡಿ

ಇದನ್ನು ತಂಗಿ ಮಗಳಿಗೆ ಮೂರು ಸಲ ಹೇಳಿದೆ. ಕೆನ್ನೆ, ಕಿವಿಯ ಮುಂದೆ, ಕುತ್ತಿಗೆಯಲ್ಲಿ ಪೀಚಿನ ಹಣ್ಣಿನ ಮೇಲಿರುವಂಥ ನವಿರು ಕೂದಲು ಎಲ್ಲರಿಗೂ ಇರುತ್ತದೆ. ಅದಕ್ಕೆ ಲೇಸರ್ ಹೊಡೆದರೆ ಕೆಲವರಲ್ಲಿ ಉಲ್ಟಾ ಆಗುತ್ತದೆ. ಬೇರು ಸಾಯುವಷ್ಟು ಬಿಸಿ ಮುಟ್ಟುವುದಿಲ್ಲ, ಆದರೆ ಮಲಗಿದ್ದ ಬೇರು ಎದ್ದು ಕೂರುತ್ತದೆ. ಇದ್ದದ್ದಕ್ಕಿಂತ ದಪ್ಪಗೆ, ಕಪ್ಪಗೆ ಬರುತ್ತದೆ. ಡಾಕ್ಟರುಗಳು ಇದನ್ನು ಪ್ಯಾರಡಾಕ್ಸಿಕಲ್ ಹೈಪರ್‌ಟ್ರೈಕೋಸಿಸ್ ಅನ್ನುತ್ತಾರೆ. ಹೆಚ್ಚಾಗಿ ಮುಖ, ಕುತ್ತಿಗೆಯಲ್ಲೇ, ನಮ್ಮಂಥ ಮೈಬಣ್ಣದ ಹೆಂಗಸರಲ್ಲೇ, ಹಾರ್ಮೋನ್ ತೊಂದರೆ ಇರುವವರಲ್ಲೇ ಕಾಣುವುದು. "ಮುಖವನ್ನೂ ಫ್ರೀಯಾಗಿ ಸೇರಿಸುತ್ತೇವೆ" ಅಂದರೆ ಬೇಡ ಅನ್ನಿ. ಮೇಲ್ತುಟಿಯ ನವಿರು ಕೂದಲಿಗೆ ಥ್ರೆಡ್ಡಿಂಗೇ ಸಾಕು. ಹುಬ್ಬಿನ ಕೆಳಗೆ, ಕಣ್ಣಿನ ಹತ್ತಿರ ಯಾವ ಕಾರಣಕ್ಕೂ ಲೇಸರ್ ಬೇಡ, ಕಣ್ಣಿಗೇ ಅಪಾಯ.

ಕೂದಲು ಯಾಕೆ ಬರುತ್ತಿದೆ?

ಗದ್ದ, ಎದೆ, ಹೊಕ್ಕುಳ ಕೆಳಗೆ ಗಂಡಸರ ಹಾಗೆ ದಪ್ಪ ಕೂದಲು ಬರುತ್ತಿದೆ, ಮುಟ್ಟು ಹಿಂದೆಮುಂದೆ ಆಗುತ್ತಿದೆ, ಮೊಡವೆ, ತೂಕ ಜಾಸ್ತಿ ಆಗುತ್ತಿದೆ ಅಂದರೆ ಮೊದಲು ಹೋಗಬೇಕಾದ್ದು ಡಾಕ್ಟರ ಹತ್ತಿರ, ಲೇಸರ್‌ಗಲ್ಲ. ನಾವೆಲ್ಲ ಪಿಸಿಒಡಿ ಅನ್ನುವ, ಅಂಡಾಶಯ ಮತ್ತು ಹಾರ್ಮೋನಿಗೆ ಸಂಬಂಧಿಸಿದ ತೊಂದರೆಯ ಗುರುತು ಇವು ಆಗಿರಬಹುದು. ರಕ್ತ ಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್ ಹೇಳುತ್ತಾರೆ. ಹಾರ್ಮೋನ್ ಹಿಡಿತಕ್ಕೆ ಬರದಿದ್ದರೆ ಲೇಸರ್ ಒಂದು ಬೇರನ್ನು ಸುಟ್ಟಷ್ಟಕ್ಕೆ ಇನ್ನೊಂದು ಬೇರು ಎದ್ದು ಬರುತ್ತಿರುತ್ತದೆ. ಸೋರುವ ನಲ್ಲಿ ಕಟ್ಟದೆ ನೆಲ ಒರೆಸಿದ ಹಾಗೆ. ನನ್ನ ಮೊದಲ ಆರು ಸಿಟ್ಟಿಂಗ್ ಹೀಗೇ ಹೋದವು. ಮಾತ್ರೆ ಶುರು ಮಾಡಿ, ದಿನಾ ನಡೆಯಲು ಹೋಗಿ, ತೂಕ ಇಳಿದ ಮೇಲೆ ಮಾಡಿಸಿದ್ದು ನಿಂತಿತು.

ಕೆಲವೇ ತಿಂಗಳಲ್ಲಿ ದಿಢೀರ್ ಅಂತ ಕೂದಲು ಬಂದು, ದನಿ ಒಡೆದು, ತಲೆಕೂದಲು ಉದುರುತ್ತಿದ್ದರೆ ಒಂದು ವಾರವೂ ತಡ ಮಾಡಬೇಡಿ. ಅಪರೂಪಕ್ಕೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆ ಇದಕ್ಕೆ ಕಾರಣ ಆಗಿರುತ್ತದೆ.

ಎಲೆಕ್ಟ್ರೋಲಿಸಿಸ್: ನಿಧಾನ, ಆದರೆ ಬಣ್ಣ ಕೇಳುವುದಿಲ್ಲ

ಕೂದಲಿನ ಗೂಡಿಗೆ ಬಹಳ ಸಣ್ಣ ಸೂಜಿ ಇಳಿಸಿ, ವಿದ್ಯುತ್ ಹಾಯಿಸಿ ಬೇರನ್ನು ಸಾಯಿಸುವ ವಿಧಾನ ಇದು. ಇದು ಲೇಸರ್‌ಗಿಂತ ಬಹಳ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆ ಕೂದಲು ತೆಗೆಯಲು ಇದನ್ನು ಬಳಸಿ 1875ರಲ್ಲಿ ವರದಿ ಮಾಡಿದರು. ಬಿಳಿ, ಕೆಂಚು, ಕಪ್ಪು, ಯಾವ ಕೂದಲಾದರೂ ಆಗುತ್ತದೆ. ಯಾವ ಮೈಬಣ್ಣವಾದರೂ ಆಗುತ್ತದೆ. ಶಾಶ್ವತವಾಗಿ ತೆಗೆಯುತ್ತದೆ ಅನ್ನುವ ಮಾತು ಇದಕ್ಕೆ ಸಲ್ಲುತ್ತದೆ.

ಕಷ್ಟ ಏನೆಂದರೆ ಒಂದೊಂದೇ ಕೂದಲಿಗೆ ಮಾಡಬೇಕು. ಕಾಲಿಗೆ ಮಾಡಿಸಲು ಹೊರಟರೆ ವರ್ಷಗಳೇ ಬೇಕು. ಮಾಡುವವರ ಕೈ ಪಳಗಿರಬೇಕು, ಇಲ್ಲವಾದರೆ ಕಲೆ, ಗುಳಿ ಬೀಳುತ್ತದೆ. ಚೆನ್ನಾಗಿ ಬಲ್ಲವರು ನಮ್ಮ ಕಡೆ ಕಡಿಮೆ. ಸೂಜಿ ಹೊಸದೇ, ಒಬ್ಬರಿಗೆ ಒಂದೇ ಅಂತ ಕಣ್ಣಾರೆ ನೋಡಿಕೊಳ್ಳಿ. ಲೇಸರ್ ಆದ ಮೇಲೆ ನನ್ನ ಗದ್ದದಲ್ಲಿ ಹತ್ತು ಹದಿನೈದು ಬಿಳಿ ಕೂದಲು ಉಳಿದಿದ್ದವು. ಅವಕ್ಕೆ ಎಲೆಕ್ಟ್ರೋಲಿಸಿಸ್ ಮಾಡಿಸಿದೆ. ಮುಟ್ಟು ನಿಂತ ಮೇಲೆ ಗದ್ದದಲ್ಲಿ ನಾಲ್ಕು ಬಿಳಿ ಮುಳ್ಳು ಕೂದಲು ಬಂದ ಅಮ್ಮಂದಿರಿಗೆ, ಅತ್ತೆಯರಿಗೆ ಇದೇ ದಾರಿ. ಮುಂದೆ ಎಲ್ಲ ನೆರೆತುಬಿಡುತ್ತದೆ ಅನ್ನುವ ಹೆದರಿಕೆ ಇರುವವರು ಲೇಸರ್ ಮಾಡಿಸುವುದಾದರೆ ಕಪ್ಪಿರುವಾಗಲೇ ಮಾಡಿಸಬೇಕು.

ಹಳೆಯ ದಾರಿಗಳೂ ಕೆಟ್ಟವಲ್ಲ

ಶೇವ್ ಮಾಡಿದರೆ ಕೂದಲು ದಪ್ಪ ಆಗುತ್ತದೆ ಅಂತ ನಮ್ಮಮ್ಮನೂ ಹೇಳುತ್ತಿದ್ದಳು. ಹಾಗಾಗುವುದಿಲ್ಲ. ಬ್ಲೇಡು ಬೇರನ್ನು ಮುಟ್ಟುವುದೇ ಇಲ್ಲ. ಚೂಪು ತುದಿ ಕತ್ತರಿಸಿ ಮೊಂಡಾಗುವುದರಿಂದ ಒರಟಾಗಿ ತಾಗುತ್ತದೆ, ಅಷ್ಟೇ. ಲೇಸರ್ ಮಾಡಿಸುವವರು ಮಧ್ಯೆ ಶೇವ್ ಮಾತ್ರ ಮಾಡಬೇಕು. ವ್ಯಾಕ್ಸ್, ಥ್ರೆಡ್ಡಿಂಗ್, ಚಿಮುಟ ಬೇಡ, ಬೇರು ಕಿತ್ತು ಬಂದರೆ ಲೇಸರ್‌ಗೆ ಹೊಡೆಯಲು ಏನೂ ಉಳಿಯುವುದಿಲ್ಲ.

ವರ್ಷಕ್ಕೆ ನಾಲ್ಕು ಮದುವೆ, ಒಂದು ಹಬ್ಬಕ್ಕೆ ಮಾತ್ರ ನಯವಾದ ಕೈ ಬೇಕು ಅನ್ನುವವರಿಗೆ ವ್ಯಾಕ್ಸಿಂಗೇ ಸರಿ. ಲೇಸರ್ ದುಡ್ಡು ದಂಡ. ವ್ಯಾಕ್ಸಿಂಗ್ ಆದಾಗೆಲ್ಲ ಕೂದಲು ಒಳಗೇ ಸುರುಳಿಯಾಗಿ ಗುಳ್ಳೆ ಏಳುವವರು, ಕಲೆ ಉಳಿಯುವವರು ಲೇಸರ್ ಯೋಚಿಸಬಹುದು. ಕೂದಲು ತೆಗೆಯುವ ಕ್ರೀಮು ಕಿವಿಯ ಹಿಂದೆ ಹಚ್ಚಿ ನೋಡದೆ ಮುಖಕ್ಕೆ ಬಳಿಯಬೇಡಿ.

ಗಂಡಸರಿಗೂ ಇದು ಬೇಕಾಗುತ್ತದೆ

ಕುತ್ತಿಗೆಯಲ್ಲಿ ಗಡ್ಡದ ಕೂದಲು ಒಳಗೆ ಬಾಗಿ ಬೆಳೆದು ಶೇವ್ ಮಾಡಿದಾಗೆಲ್ಲ ಗುಳ್ಳೆ, ಕೀವು ಆಗುವ ಹುಡುಗರಿದ್ದಾರೆ. ಅವರಿಗೆ ಲೇಸರ್ ನಿಜವಾದ ನೆಮ್ಮದಿ. ಹಿಂಬದಿಯಲ್ಲಿ, ಬೆನ್ನೆಲುಬಿನ ಕೊನೆಯಲ್ಲಿ ಕೂದಲು ಒಳಹೊಕ್ಕು ಕೀವಾಗುವ ಪೈಲೋನಿಡಲ್ ಸೈನಸ್ ಇನ್ನೊಂದು. ಎರಡನೇ ಮಹಾಯುದ್ಧದಲ್ಲಿ ಜೀಪಿನಲ್ಲಿ ಓಡಾಡಿದ ಅಮೆರಿಕದ ಸೈನಿಕರಲ್ಲಿ ಬಹಳ ಕಂಡಿದ್ದರಿಂದ ಇದಕ್ಕೆ ಜೀಪ್ ಕಾಯಿಲೆ ಅಂತಲೇ ಹೆಸರು ಬಿದ್ದಿತ್ತು. ದಿನವಿಡೀ ಸೀಟಿನಲ್ಲಿ ಕೂರುವ ಡ್ರೈವರುಗಳು ಇದರಿಂದ ಬಹಳ ನರಳುತ್ತಾರೆ. ಆಪರೇಷನ್ ಆದ ಮೇಲೆ ಮತ್ತೆ ಬರದಿರಲಿ ಅಂತ ಆ ಜಾಗಕ್ಕೆ ಲೇಸರ್ ಮಾಡಿಸಲು ಸರ್ಜನ್‌ಗಳು ಹೇಳುವುದುಂಟು. ಟ್ರಾನ್ಸ್ ಹೆಣ್ಣುಮಕ್ಕಳಿಗೆ ಗಡ್ಡದ ಕೂದಲು ಹೋಗುವುದು ದಿನದಿನದ ಮರ್ಯಾದೆಯ ಪ್ರಶ್ನೆ. ಗಡ್ಡದ ಬೇರು ಆಳ, ಸಿಟ್ಟಿಂಗ್ ಹೆಚ್ಚು ಬೇಕು, ಕಪ್ಪಿರುವುದಕ್ಕೆ ಲೇಸರ್, ಉಳಿದದ್ದಕ್ಕೆ ಎಲೆಕ್ಟ್ರೋಲಿಸಿಸ್ ಅಂತ ಎರಡನ್ನೂ ಸೇರಿಸಿ ಹೋಗುವುದು ಒಳ್ಳೆಯದು.

ಯಾರು ಕಾಯಬೇಕು, ಎಲ್ಲಿ ಮಾಡಿಸಬೇಕು

ಬಸುರಿಯರು ಹೆರಿಗೆ ಆಗುವ ತನಕ ತಡೆಯಿರಿ, ಆಗ ಬಂದ ಕೂದಲು ಎಷ್ಟೋ ಸಲ ತಾನೇ ಹೋಗುತ್ತದೆ. ಮುಖದಲ್ಲಿ ಬಂಗು ಇರುವವರಿಗೆ ಬಿಸಿ, ಬೆಳಕು ತಾಗಿದರೆ ಅದು ಹೆಚ್ಚುತ್ತದೆ. ತೊನ್ನು ಇರುವವರು, ಗಾಯ ಆದಲ್ಲೆಲ್ಲ ಚರ್ಮ ಉಬ್ಬಿ ಬೆಳೆಯುವವರು, ತುಟಿ ಸುತ್ತ ಆಗಾಗ ಜ್ವರದ ಗುಳ್ಳೆ ಏಳುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಹಚ್ಚೆ, ಮಚ್ಚೆಯ ಮೇಲೆ ಲೇಸರ್ ಹೊಡೆಸಬೇಡಿ. ನಮ್ಮಜ್ಜಿಯರ ಕೈ ತುಂಬ ಇದ್ದ ಹಸಿರು ಹಚ್ಚೆಯೂ ಬಣ್ಣವೇ, ಅದೂ ಬಿಸಿಯಾಗುತ್ತದೆ.

ಎಲ್ಲಿ ಅನ್ನುವುದಕ್ಕೆ ನನ್ನ ಉತ್ತರ ಒಂದೇ. ಚರ್ಮದ ಡಾಕ್ಟರ್ ಇರುವ ಕಡೆ. ಗೋಡೆಯ ಮೇಲೆ ಹೆಸರಿದ್ದರೆ ಸಾಲದು, ಅವರು ನಿಮ್ಮ ಮುಖ ನೋಡಿ ಮಾತಾಡಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಮೊದಲು ಸಣ್ಣ ಜಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿ ಕೆಲವು ದಿನ ಕಾಯುತ್ತಾರಾ ನೋಡಿ. ನಿಮಗೂ, ಮಾಡುವವರಿಗೂ ಕಣ್ಣಿನ ಕವಚ ಇರಬೇಕು. ಪ್ರತಿ ಸಲದ ಸೆಟ್ಟಿಂಗ್ ನಿಮ್ಮ ಫೈಲಿನಲ್ಲಿ ಬರೆಯಬೇಕು. ದುಡ್ಡು ಸಿಟ್ಟಿಂಗ್‌ಗೆ ಇಷ್ಟು ಅಂತ ಕಟ್ಟಿ, ಪೂರ್ತಿ ಪ್ಯಾಕೇಜು ಒಂದೇ ಸಲ ಕಟ್ಟಬೇಡಿ.

ನೋವು ಗೊತ್ತಾಗದಿರಲಿ ಅಂತ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಕಾಲಿಗೆಲ್ಲ ಬಳಿದುಕೊಂಡು ಹೋಗಬೇಡಿ. ಅಮೆರಿಕದಲ್ಲಿ ಇಬ್ಬರು ಯುವತಿಯರು ಲೇಸರ್‌ಗೆ ಮುಂಚೆ ಹೀಗೆ ಬಳಿದು ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು, ಔಷಧ ರಕ್ತಕ್ಕೆ ಏರಿ ತೀರಿಕೊಂಡರು. 2007ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ರಬ್ಬರ್ ಬ್ಯಾಂಡ್ ಚಟ್ ಅಂತ ಹೊಡೆದ ಹಾಗೆ ಆಗುವುದು ಸಹಜ. ಚರ್ಮ ಬೇಯುವ ಹಾಗೆ ಅನಿಸಿದರೆ ನಿಲ್ಲಿಸಿ ಅನ್ನಿ. ನಾನು ಅವತ್ತು ನಿಲ್ಲಿಸಿ ಅನ್ನಲಿಲ್ಲ.

ತಂಗಿ ಮಗಳ ಕೈಯ ಕೂದಲು ನವಿರು, ಮುಖದ್ದೂ ಹಾಗೇ. ಅವೆರಡನ್ನೂ ಬಿಟ್ಟಳು. ಕಂಕುಳು ಮತ್ತು ಮೊಣಕಾಲಿನ ಕೆಳಗೆ ಮಾತ್ರ ಅಂತ ತೀರ್ಮಾನ ಮಾಡಿದಳು. ಮಾತಿನ ಮಧ್ಯೆ ಮುಟ್ಟು ಎರಡು ತಿಂಗಳು ತಪ್ಪಿದೆ ಅನ್ನುವುದೂ ಹೊರಬಂತು. ಹಾಗಾಗಿ ಹೋದ ಶನಿವಾರ ಮೊದಲು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ರಿಪೋರ್ಟ್ ನಾಳಿದ್ದು ಬರುತ್ತದೆ. ಆ ಅರ್ಧ ರೇಟಿನವರು ಇನ್ನೂ ದಿನಾ ಮೆಸೇಜ್ ಕಳಿಸುತ್ತಿದ್ದಾರಂತೆ.